ನೆರೆ ನುಗ್ಗಿದ ಕಚೇರಿ ಕಟ್ಟಡ: ಬಾಡಿಗೆದಾರರನ್ನು ವಾಪಸ್ ಕರೆಯುವ ಮುನ್ನ ಏನೇನು?

ಪ್ರಶ್ನೆ:
ನಾಲ್ಕು ಮಹಡಿಯ ಕಚೇರಿ ಕಟ್ಟಡ. ಬೇಸ್‌ಮೆಂಟ್ ಪೂರ್ತಿ ಮುಳುಗಿದೆ, ನೆಲ ಅಂತಸ್ತಿನಲ್ಲಿ ಮೊಣಕಾಲುದ್ದ ನೀರು ಎರಡು ದಿನ ನಿಂತಿತ್ತು. ಮೇಲಿನ ಮಹಡಿಗಳಿಗೆ ನೀರು ತಾಕಿಲ್ಲ. ಕರೆಂಟ್ ಪ್ಯಾನಲ್, ಫೈರ್ ಪಂಪ್ ಎರಡೂ ಬೇಸ್‌ಮೆಂಟಿನಲ್ಲೇ ಇವೆ. ನೆಲ ಅಂತಸ್ತಿನವರು ಹದಿನೈದು ದಿನದಲ್ಲಿ ಬರುತ್ತೇವೆ ಅನ್ನುತ್ತಿದ್ದಾರೆ, ಮೇಲಿನವರು ಬಾಡಿಗೆ ಕಡಿತ ಕೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡುವುದು?

ಉತ್ತರ 1:
ಬೇಸ್‌ಮೆಂಟಿನ ನೀರನ್ನು ದಯವಿಟ್ಟು ಒಂದೇ ದಿನದಲ್ಲಿ ಖಾಲಿ ಮಾಡಿಸಬೇಡಿ. ಸುತ್ತಲ ಮಣ್ಣು ಇನ್ನೂ ನೀರು ಕುಡಿದುಕೊಂಡಿರುತ್ತದೆ. ಒಳಗಿನ ನೀರು ಹೋದರೆ ಹೊರಗಿನ ಒತ್ತಡಕ್ಕೆ ಗೋಡೆ ಒಳಬಾಗಬಹುದು, ನೆಲ ಉಬ್ಬಬಹುದು. ಮೊದಲು ಒಂದಡಿ ಇಳಿಸಿ, ಗೋಡೆಗೆ ಗುರುತು ಹಾಕಿ, ಮರುದಿನ ಬೆಳಗ್ಗೆ ನೋಡಿ. ಗುರುತು ಮತ್ತೆ ಮುಳುಗಿದ್ದರೆ ಕಾಯಲೇಬೇಕು. ಡೀಸೆಲ್ ಪಂಪನ್ನು ಕಟ್ಟಡದ ಹೊರಗೇ ಇಡಿ. ಅದರ ಹೊಗೆ ಒಳಗೆ ತುಂಬಿದರೆ ಜೀವಕ್ಕೆ ಅಪಾಯ.

ಜಿಪ್ಸಮ್ ಬೋರ್ಡು ದೀಪದ ಬತ್ತಿಯ ಹಾಗೆ ನೀರನ್ನು ಮೇಲಕ್ಕೆಳೆಯುತ್ತದೆ. ಆದ್ದರಿಂದ ನೀರಿನ ಗೆರೆಗಿಂತ ಕನಿಷ್ಠ ಒಂದಡಿ ಮೇಲಕ್ಕೆ ಕತ್ತರಿಸಿ, ಒಳಗೆ ಶಾಖ, ಸದ್ದು ತಡೆಯಲು ತುಂಬಿದ ಗ್ಲಾಸ್‌ವೂಲನ್ನೂ (ಗಾಜಿನ ನಾರು) ಎಸೆಯಿರಿ. ಒದ್ದೆ ಜಾಗದಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಕೆಸರನ್ನು ಪೂರ್ತಿ ತೊಳೆದ ಮೇಲಷ್ಟೇ ಬ್ಲೀಚಿಂಗ್ ದ್ರಾವಣ. ಕೆಸರಿನ ಮೇಲೆ ಸುರಿದರೆ ಕ್ಲೋರಿನ್ ಕೆಸರಿಗೇ ಖರ್ಚಾಗಿ ಹೋಗುತ್ತದೆ.

ಹದಿನೈದು ದಿನದ ಲೆಕ್ಕ ತಪ್ಪುವುದು ಕಾಂಕ್ರೀಟ್ ನೆಲದಲ್ಲಿ. ಕೈಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಮೇಲಿನಿಂದ ಮಾತ್ರ ಒಣಗುವ ಸ್ಲ್ಯಾಬಾದರೆ ದಪ್ಪದ ಶೇ 40ರಷ್ಟು ಆಳಕ್ಕೆ, ಅಂದರೆ 150 ಮಿ.ಮೀ. ಸ್ಲ್ಯಾಬಿಗೆ 60 ಮಿ.ಮೀ., ತೂತು ಕೊರೆದು ತೇವ ಅಳೆಯುವ ಪ್ರೋಬ್ ಇಟ್ಟು ಅಳೆಯಿರಿ. ತೂತಿನೊಳಗಿನ ಸಾಪೇಕ್ಷ ಆರ್ದ್ರತೆ (ಗಾಳಿಯ ತೇವದ ಪ್ರಮಾಣ) ಶೇ 75ಕ್ಕೆ ಇಳಿಯುವ ಮೊದಲೇ ವಿನೈಲ್ ನೆಲಹಾಸು ಅಂಟಿಸಿದರೆ ಗುಳ್ಳೆ ಏಳುತ್ತದೆ, ಜೋಡಣೆ ಬಿಡುತ್ತದೆ, ಅಂಟು ನಾರುತ್ತದೆ.

ಉತ್ತರ 2:
ಮುಳುಗಿದ ಎಂಸಿಬಿ (ಶಾರ್ಟ್ ಆದಾಗ ಕರೆಂಟ್ ಕಡಿಯುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದಾಗ ಕಡಿಯುವ ಸ್ವಿಚ್), ರಿಲೇಗಳನ್ನು ಒಣಗಿಸಿ ಬಳಸಬೇಡಿ, ಹೊಸದೇ ಹಾಕಿಸಿ. ಒಳಗಿನ ಸ್ಪ್ರಿಂಗಿಗೆ ಹೂಳು ಮೆತ್ತಿಕೊಂಡರೆ ಶಾರ್ಟ್ ಆದಾಗ ಟ್ರಿಪ್ ಆಗದಿರಬಹುದು. ಕೇಬಲ್‌ಗಳಿಗೆ 500 ವೋಲ್ಟ್ ಮೆಗ್ಗರ್ ಪರೀಕ್ಷೆ (ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ನೋಡುವುದು) ಮಾಡಿಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಚಾಲೂ ಮಾಡಬೇಡಿ. ಲಿಫ್ಟನ್ನು ಪಿಟ್ (ತಳದ ಗುಂಡಿ) ಸ್ವಚ್ಛವಾಗಿ, ಬಫರ್ (ಗುಂಡಿಯಲ್ಲಿ ಆಘಾತ ತಡೆಯುವ ಭಾಗ), ಗವರ್ನರ್ ಹಗ್ಗ (ವೇಗ ಮೀರಿದಾಗ ಲಿಫ್ಟ್ ನಿಲ್ಲಿಸುವ ವ್ಯವಸ್ಥೆಯದ್ದು), ಟ್ರಾವೆಲಿಂಗ್ ಕೇಬಲ್ (ಲಿಫ್ಟಿನ ಜೊತೆ ಚಲಿಸುವ ತಂತಿ) ತಪಾಸಣೆ ಆಗುವ ತನಕ ಕೆಳಗಿಳಿಸಬೇಡಿ. ಮೇಲಿನವರಿಗೆ ತಾತ್ಕಾಲಿಕ ಪ್ಯಾನಲನ್ನು ಮೊದಲ ಮಹಡಿಯಲ್ಲೇ ಕೂರಿಸಿ, ಕಾಯಂ ಪ್ಯಾನಲ್ಲಿಗೂ ಅಲ್ಲೇ ಜಾಗ ನೋಡಿ. ಒಳಚರಂಡಿ ಲೈನಿಗೆ ನಾನ್ ರಿಟರ್ನ್ ವಾಲ್ವ್ (ನೀರು ಹಿಮ್ಮುಖವಾಗಿ ಒಳಗೆ ಬರದಂತೆ ತಡೆಯುವ ಕವಾಟ) ಮರೆಯಬೇಡಿ.

ಉತ್ತರ 3:
ಬಾಡಿಗೆ ವಿಷಯ: ಕರಾರಿನಲ್ಲಿ ಕಟ್ಟಡ ಹಾನಿಯ ಕಲಂ ತೆಗೆದು ಮೂರು ವಿಷಯ ನೋಡಿ: ಬಾಡಿಗೆ ಯಾವಾಗಿನಿಂದ ನಿಲ್ಲುತ್ತದೆ, ದುರಸ್ತಿಗೆ ಎಷ್ಟು ದಿನದ ಗಡುವು, ಗಡುವು ಮೀರಿದರೆ ಕರಾರು ಬಿಡುವ ಹಕ್ಕು ಯಾರಿಗೆ. ಮೇಲಿನ ಮಹಡಿಗೆ ನೀರು ತಾಕದಿದ್ದರೂ ಲಿಫ್ಟ್, ಫೈರ್ ಪಂಪ್ ಇಲ್ಲದೆ ಅದು ಬಳಸುವ ಸ್ಥಿತಿಯಲ್ಲಿಲ್ಲ. ಆ ದಿನಗಳಿಗೆ ದಿನವಾರು ಕಡಿತ ಕೊಡುವುದು ನ್ಯಾಯ. ಫೈರ್ ಪಂಪ್, ಅಲಾರಂ ಕೆಲಸ ಮಾಡುವವರೆಗೆ ಅವರನ್ನೂ ಒಳಗೆ ಬಿಡಬೇಡಿ.

ಒಡೆಯುವ ಮೊದಲು ಪ್ರತಿ ಕೋಣೆಯ ನೀರಿನ ಗೆರೆಗೆ ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ, ಕಿತ್ತ ಕಾರ್ಪೆಟ್, ಬೋರ್ಡಿನ ಒಂದೊಂದು ತುಂಡನ್ನು ವಿಮಾ ಸರ್ವೇಯರ್ ಬರುವ ತನಕ ಇಟ್ಟಿರಿ. ಯಾವ ಪಾರ್ಟಿಷನ್ ಮಾಲೀಕರದ್ದು, ಯಾವುದು ಬಾಡಿಗೆದಾರರದ್ದು ಅಂತ ನಕ್ಷೆಯ ಮೇಲೆ ಎರಡು ಬಣ್ಣದಲ್ಲಿ ಗುರುತಿಸಿ; ಒಂದೇ ಗೋಡೆಗೆ ಇಬ್ಬರೂ ಕ್ಲೇಮ್ ಹಾಕಿದರೆ ಎರಡೂ ಸಿಕ್ಕಿಹಾಕಿಕೊಳ್ಳಬಹುದು.

ಬಾಡಿಗೆ ಮರುಶುರುವನ್ನು ‘ಕೆಲಸ ಮುಗಿದಾಗ’ ಎಂದು ಬರೆಯಬೇಡಿ. ನೆಲದ ಆರ್ದ್ರತೆ, ಮೆಗ್ಗರ್, ಲಿಫ್ಟ್, ಫೈರ್ ಪಂಪ್ ಈ ನಾಲ್ಕರ ವರದಿ ಲಗತ್ತಿಸಿ ಇಬ್ಬರೂ ಸಹಿ ಹಾಕಿದ ದಿನದಿಂದ ಎಂದು ಬರೆಯಿರಿ. ಹೊಸಬರಿಗೆ ಕೊಡುವಾಗಲೂ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದನ್ನು ಕರಾರಿನಲ್ಲೇ ಸೇರಿಸಿ.