‘ಬಾಟಮ್ ಆಫ್ ದ ನೈನ್ತ್’: ಕೆಳಭಾಗವೋ, ಎರಡನೇ ಸರದಿಯೋ?

ಪ್ರಶ್ನೆ: 1960ರ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ಬಗೆಗಿನ ಬರಹವನ್ನು ಕನ್ನಡಕ್ಕೆ ತರುವಾಗ ‘ಬಾಟಮ್ ಆಫ್ ದ ನೈನ್ತ್’ ಎಂಬುದಕ್ಕೆ ‘ಒಂಬತ್ತನೇ ಇನಿಂಗ್ಸ್‌ನ ಕೆಳಭಾಗ’ ಎಂದರೆ ಸರಿಯೇ? ‘ಉತ್ತರಾರ್ಧ’ ವಾಸಿಯೇ? ಟೂರ್ನಿಯ ಹೆಸರನ್ನೂ ‘ವಿಶ್ವ ಸರಣಿ’ ಎನ್ನಬಹುದೇ? ತಿಳಿದವರು ಹೇಳಿ.

ಉತ್ತರ: ‘ಕೆಳಭಾಗ’ ಬೇಡ ಸರ್. ಆ ‘ಕೆಳಗೆ’ ಇರುವುದು ಸ್ಕೋರ್ ಪಟ್ಟಿಯಲ್ಲಿ. ಮೊದಲು ಬ್ಯಾಟ್ ಹಿಡಿಯುವ ಪ್ರವಾಸಿ ತಂಡದ್ದು ಮೇಲಿನ ಸಾಲು, ಆತಿಥೇಯರದ್ದು ಕೆಳಗಿನ ಸಾಲು. ಅಕ್ಟೋಬರ್ 13ರಂದು ಪೈರೇಟ್ಸ್ ತಂಡದ ತವರು ಮೈದಾನವಾದ ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್‌ನಲ್ಲಿ ನಡೆದ 7ನೇ ಪಂದ್ಯದ ಪಟ್ಟಿ ನೋಡಿ:

ಯಾಂಕೀಸ್ 000 014 022 – 9
ಪೈರೇಟ್ಸ್ 220 000 051 – 10

ಒಂದೊಂದು ಅಂಕೆ ಒಂದೊಂದು ಇನಿಂಗ್‌ನ ರನ್. ಒಂಬತ್ತನೇ ಅಂಕೆ ಮೇಲೆ 2, ಕೆಳಗೆ 1; ಗೆರೆಯ ನಂತರದ್ದು ಒಟ್ಟು. 7–9ರಿಂದ ಹಿಂದಿದ್ದ ಯಾಂಕೀಸ್ ಆ 2 ರನ್ ಗಳಿಸಿ ಸಮ ಮಾಡಿತು. ಪೈರೇಟ್ಸ್ ಸರದಿ ಬಂದಾಗ ಮೊದಲ ಬ್ಯಾಟರ್ ಬಿಲ್ ಮ್ಯಾಜೆರಾಸ್ಕಿ, ರಾಲ್ಫ್ ಟೆರ್ರಿಯ ಎರಡನೇ ಎಸೆತವನ್ನೇ ಎಡಗಡೆಯ ಗೋಡೆಯಾಚೆ ಹೊಡೆದರು. ಎದುರಾಳಿಗೆ ಇನ್ನು ಸರದಿಯೇ ಉಳಿದಿರಲಿಲ್ಲ, ಹಾಗಾಗಿ ಆಟ ಅಲ್ಲಿಗೇ ನಿಂತಿತು. ‘ಕೆಳಭಾಗ’ದಲ್ಲಿ ಈ ಅರ್ಥ ಹೊರಡುವುದಿಲ್ಲ. ‘ಉತ್ತರಾರ್ಧ’ ಅರ್ಥಕ್ಕೆ ಹತ್ತಿರವೇ, ಆದರೆ ಫುಟ್‌ಬಾಲ್ ವರದಿ ಓದಿದ ಕಣ್ಣಿಗೆ ಪಂದ್ಯದ ದ್ವಿತೀಯಾರ್ಧ ಕಾಣುತ್ತದೆ. ನನ್ನ ಮತ ‘ಒಂಬತ್ತನೇ ಇನಿಂಗ್‌ನ ಎರಡನೇ ಸರದಿ’ಗೆ.

ಹೌದು, ‘ಇನಿಂಗ್’. ಕೊನೆಯ ‘ಸ್’ ಬಿಡಿ. ಕ್ರಿಕೆಟ್‌ನ ಇನಿಂಗ್ಸ್ ಒಂದು ತಂಡದ ಸರದಿ. ಇಲ್ಲಿಯ ಇನಿಂಗ್‌ನಲ್ಲಿ ಎರಡೂ ತಂಡಗಳ ಸರದಿ ಸೇರಿರುತ್ತದೆ, ತಲಾ 3 ಔಟ್‌ಗೆ ಮುಗಿಯುತ್ತದೆ. ಹಾಗೆಯೇ ಹೀಗೆ ಗೋಡೆಯಾಚೆ ಹೊಡೆಯುವ ಹೋಮ್ ರನ್ನನ್ನು ‘ಸಿಕ್ಸರ್’ ಮಾಡಬೇಡಿ, ಲೆಕ್ಕ ಕೆಡುತ್ತದೆ. ಬೇಸ್‌ಗಳಲ್ಲಿ (ರನ್ ಓಟದ ಹಾದಿಯ ತಂಗುಗಳಲ್ಲಿ) ತಂಡದ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ಅದಕ್ಕೆ 1ರಿಂದ 4 ರನ್. ಮ್ಯಾಜೆರಾಸ್ಕಿಯದು 1, ಮೇಲಿನ ಪಟ್ಟಿಯಲ್ಲಿ ಪೈರೇಟ್ಸ್‌ನ ಎಂಟನೇ ಇನಿಂಗ್‌ನ 5ರಲ್ಲಿ 3 ಬಂದದ್ದು ಹ್ಯಾಲ್ ಸ್ಮಿತ್‌ನ ಒಂದೇ ಹೊಡೆತದಿಂದ.

ಮತ್ತೊಂದು ಉತ್ತರ: ‘ವರ್ಲ್ಡ್ ಸೀರೀಸ್’ ಅಂಕಿತನಾಮ, ಹಾಗೇ ಇರಲಿ. ಆಡುವುದು ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಚಾಂಪಿಯನ್ನರು. ‘ವಿಶ್ವ’ ಎಂದರೆ ಓದುಗರು ದೇಶಗಳ ತಂಡಗಳನ್ನು ಹುಡುಕುತ್ತಾರೆ. ‘7 ಪಂದ್ಯಗಳ ಸರಣಿ’ ಎಂದು ಬರೆದರೆ ಇನ್ನೊಂದು ಎಡವಟ್ಟು. ಕ್ರಿಕೆಟ್‌ನಲ್ಲಿ ಸರಣಿ ಕೈವಶವಾದ ಮೇಲೂ ಉಳಿದ ಪಂದ್ಯ ಆಡುತ್ತಾರೆ, ಇಲ್ಲಿ 4 ಗೆಲುವಾದರೆ ಮುಗಿಯಿತು. ‘ಮೊದಲು 4 ಗೆದ್ದವರಿಗೆ’ ಎನ್ನಿ. ಒಟ್ಟು ರನ್ ಕೊಡುವುದಾದರೆ ಜೊತೆಗೇ 4–3 ಎಂದೂ ಕೊಡಿ. ಯಾಂಕೀಸ್ ಗೆದ್ದದ್ದು 16–3, 10–0, 12–0ರಿಂದ. ಸರಣಿಯ ಒಟ್ಟು ರನ್ 55–27, ಆದರೂ ಪ್ರಶಸ್ತಿ ಪೈರೇಟ್ಸ್‌ಗೆ. ಬರೀ 55–27 ಕಂಡವರು ಫಲಿತಾಂಶ ತಪ್ಪಾಗಿ ಅಚ್ಚಾಗಿದೆ ಎಂದುಕೊಂಡಾರು!

1ನೇ ಪಂದ್ಯವನ್ನು ಪೈರೇಟ್ಸ್ ತವರಲ್ಲಿ 6–4ರಿಂದ ಗೆದ್ದಿತ್ತು. ಮುನ್ನಡೆಯಲ್ಲಿದ್ದ ಕಾರಣ ಒಂಬತ್ತನೇ ಇನಿಂಗ್‌ನ ಎರಡನೇ ಸರದಿ ಆಡಲೇ ಇಲ್ಲ. ಅಂಥ ಜಾಗದಲ್ಲಿ ಪಟ್ಟಿಯಲ್ಲಿ ಎಕ್ಸ್ ಗುರುತು ಇರುತ್ತದೆ, ಅದನ್ನು 0 ಎಂದು ಬರೆಯಬೇಡಿ.