ಸ್ವಿಟ್ಜರ್ಲೆಂಡಿನ ದೊಡ್ಡ ಊರುಗಳು: ಕ್ರಮ ನೆನಪಿಟ್ಟುಕೊಳ್ಳುವುದು ಹೇಗೆ?

ದಾವಣಗೆರೆ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು. ಅವಳಿಗೆ ಕ್ವಿಜ್ ಅಂದರೆ ಪ್ರಾಣ. ಹೋದ ವಾರ ಒಂದು ಸ್ಪರ್ಧೆಯಲ್ಲಿ ಸ್ವಿಟ್ಜರ್ಲೆಂಡಿನ ಅತಿ ದೊಡ್ಡ ಮೂರು ನಗರಗಳನ್ನು ಕ್ರಮವಾಗಿ ಹೇಳಿ ಅಂತ ಕೇಳಿದರು. ಇವಳು ಜ್ಯೂರಿಕ್, ಜಿನೀವಾ, ಬರ್ನ್ ಅಂದಳು. ರಾಜಧಾನಿ ಅಂದಮೇಲೆ ಮೂರರ ಒಳಗೆ ಇದ್ದೇ ಇರುತ್ತೆ ಅನ್ನುವುದು ಅವಳ ಲೆಕ್ಕ. ಮೂರನೆಯದು ಬಾಸೆಲ್ ಅಂತೆ. ಪಾಯಿಂಟ್ ಹೋಯಿತು. ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಆಮೇಲೆ ಇಬ್ಬರೂ ಕೂತು ನೆಟ್‌ನಲ್ಲಿ ಹುಡುಕಿದೆವು. ಒಂದೊಂದು ಪಟ್ಟಿ ಒಂದೊಂದು ಥರ ಇದೆ. ಒಂದರಲ್ಲಿ ನಾಲ್ಕನೆಯದು ಬರ್ನ್, ಇನ್ನೊಂದರಲ್ಲಿ ಲೊಸಾನ್. ಒಂದರಲ್ಲಿ ಆರನೆಯದು ವಿಂಟರ್‌ಟೂರ್, ಮತ್ತೊಂದರಲ್ಲಿ ಲುಟ್ಸರ್ನ್. ಇಷ್ಟು ಸಣ್ಣ ದೇಶ, ಹತ್ತು ಊರಿನ ಹೆಸರಿಗೆ ಇಷ್ಟು ಗೊಂದಲ ಯಾಕೆ? ಬಾಯಿಪಾಠ ಮಾಡಿಸಿದರೆ ಎರಡು ದಿನಕ್ಕೆ ಮರೆಯುತ್ತಾಳೆ. ಅಲ್ಲಿ ಇರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬಾಸೆಲ್‌ನಲ್ಲಿರುವ ಮಂಗಳೂರಿನವಳು ಬರೆದದ್ದು:

ನಾನು ಒಂಬತ್ತು ವರ್ಷದಿಂದ ಬಾಸೆಲ್‌ನಲ್ಲಿ ಇದ್ದೇನೆ. ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ. ಮಗಳಿಗೆ ಮೊದಲು ಹೇಳಿ, ಬರ್ನ್ ಅಂದದ್ದು ದಡ್ಡತನ ಅಲ್ಲ. ಇಲ್ಲಿಗೆ ಬರುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಸಂಖ್ಯೆ ಮುಗಿಸಿಬಿಡೋಣ. ಇಡೀ ದೇಶದ ಜನ ಸುಮಾರು 90 ಲಕ್ಷ. ಒಂದು ಲಕ್ಷ ದಾಟಿದ ಊರುಗಳು ಆರೇ ಆರು. ಜ್ಯೂರಿಕ್ 4 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಜಿನೀವಾ 2 ಲಕ್ಷದ ಮೇಲೆ. ಬಾಸೆಲ್ ಒಂದೂಮುಕ್ಕಾಲು ಲಕ್ಷದ ಹತ್ತಿರ. ಆಮೇಲೆ ಲೊಸಾನ್, ಬರ್ನ್, ವಿಂಟರ್‌ಟೂರ್. ಲಕ್ಷದ ಕೆಳಗೆ ಲುಟ್ಸರ್ನ್, ಸಾಂಕ್ಟ್ ಗಾಲೆನ್, ಲುಗಾನೊ, ಬೀಲ್. ನಿಮ್ಮ ದಾವಣಗೆರೆಯ ಜನಸಂಖ್ಯೆ 2011ರ ಗಣತಿಯಲ್ಲೇ 4.3 ಲಕ್ಷ ದಾಟಿತ್ತು. ಅಂದರೆ ನಿಮ್ಮೂರನ್ನು ಎತ್ತಿಕೊಂಡು ಬಂದು ಇಲ್ಲಿಟ್ಟರೆ ಜ್ಯೂರಿಕ್‌ಗೇ ಪೈಪೋಟಿ. ಮಗಳಿಗೆ ಇದನ್ನು ಹೇಳಿ, ಜ್ಯೂರಿಕ್ ಎಷ್ಟು ದೊಡ್ಡದು ಅನ್ನುವುದು ಮರೆಯುವುದಿಲ್ಲ.

ಈಗ ಬರ್ನ್ ವಿಷಯ. ನಮಗೆ ರಾಜಧಾನಿ ಅಂದರೆ ಬೆಂಗಳೂರು ಥರ, ವಿಧಾನಸೌಧ, ಹೈಕೋರ್ಟು, ಕಂಪನಿ, ಕಾಲೇಜು ಎಲ್ಲಾ ಒಂದೇ ಕಡೆ. ಇಲ್ಲಿ ಬೇಕು ಅಂತಲೇ ಹಾಗೆ ಮಾಡಲಿಲ್ಲ. 1848ರಲ್ಲಿ ಕ್ಯಾಂಟನ್‌ಗಳು, ಅಂದರೆ ಇಲ್ಲಿಯ ರಾಜ್ಯಗಳು, ಒಂದಾಗಿ ಈಗಿನ ಒಕ್ಕೂಟ ಆಯಿತು. ಸಂಸತ್ತು, ಸರ್ಕಾರ ಬರ್ನ್‌ಗೆ ಬಂತು. ಆದರೆ ಕಾನೂನಿನಲ್ಲಿ ಅದನ್ನು ರಾಜಧಾನಿ ಅಂತ ಕರೆದೇ ಇಲ್ಲ, ಒಕ್ಕೂಟದ ನಗರ ಅನ್ನುತ್ತಾರೆ. ದೇಶದ ದೊಡ್ಡ ತಾಂತ್ರಿಕ ಕಾಲೇಜು ಜ್ಯೂರಿಕ್‌ಗೆ ಹೋಯಿತು. ಸುಪ್ರೀಂ ಕೋರ್ಟು ಲೊಸಾನ್‌ಗೆ ಹೋಯಿತು. ಒಂದೇ ಊರು ಉಬ್ಬಬಾರದು ಅನ್ನುವ ಲೆಕ್ಕಾಚಾರ ಇದು. ಹಾಗಾಗಿ ಬರ್ನ್ ಐದನೇ ಜಾಗದಲ್ಲಿ ನೆಮ್ಮದಿಯಾಗಿ ಇದೆ. ಆರೆ ನದಿ ಹಳೆಯ ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಬೀದಿಯ ಎರಡೂ ಬದಿಗೆ ಕಮಾನಿನ ಜಗುಲಿಗಳು, ಮಳೆ ಬಂದರೂ ಕೊಡೆ ಬಿಚ್ಚದೆ ಪೇಟೆ ಸುತ್ತಬಹುದು.

ಪಟ್ಟಿಗಳು ಬೇರೆ ಬೇರೆ ಇರುವುದಕ್ಕೆ ಕಾರಣ ಗಡಿ. ಊರು ಅಂದರೆ ನಗರಸಭೆಯ ಗೆರೆಯೊಳಗಿನ ಜನವೋ, ಅಂಟಿಕೊಂಡಿರುವ ಸುತ್ತಲಿನ ಊರುಗಳೂ ಸೇರಿಯೋ? ಗೆರೆಯೊಳಗೆ ಎಣಿಸಿದರೆ ವಿಂಟರ್‌ಟೂರ್ ಆರನೆಯದು. ಸುತ್ತಮುತ್ತ ಸೇರಿಸಿದರೆ ಲುಟ್ಸರ್ನ್ ಅದನ್ನು ಹಿಂದೆ ಹಾಕುತ್ತದೆ. ಜ್ಯೂರಿಕ್ ಸುತ್ತಲಿನದನ್ನೆಲ್ಲ ಸೇರಿಸಿದರೆ 13 ಲಕ್ಷ ದಾಟುತ್ತದೆ. ಗೆರೆಯೂ ಒಂದೇ ಕಡೆ ನಿಲ್ಲುವುದಿಲ್ಲ. 1893ರಲ್ಲಿ ಜ್ಯೂರಿಕ್ 11 ಊರುಗಳನ್ನು ತನ್ನೊಳಗೆ ಸೇರಿಸಿಕೊಂಡಿತು, ಲಕ್ಷ ದಾಟಿದ್ದು ಆಗಲೇ. ವಿಂಟರ್‌ಟೂರ್ 1922ರಲ್ಲಿ ಹಾಗೆ ಬೆಳೆಯಿತು. ಲುಟ್ಸರ್ನ್ 2010ರಲ್ಲಿ ಪಕ್ಕದ ಲಿಟ್ಟಾವ್ ಅನ್ನು ಸೇರಿಸಿಕೊಂಡಿತು. 2007ರಲ್ಲಿ ಬಿಬಿಎಂಪಿ ಆದಾಗ 110 ಹಳ್ಳಿಗಳು ಬೆಂಗಳೂರಿಗೆ ಸೇರಿದವಲ್ಲ, ಅದೇ ಥರ. ಆದ್ದರಿಂದ ಪಟ್ಟಿ ಕಂಡಾಗ ಎರಡು ಪ್ರಶ್ನೆ ಕೇಳಬೇಕು: ಯಾವ ವರ್ಷದ್ದು, ಎಲ್ಲಿವರೆಗಿನ ಗೆರೆ.

ಬಾಸೆಲ್‌ನ ಕತೆ ಇನ್ನೂ ಬೇರೆ. ನಾನು ಮೊದಲ ಸಲ ಇಲ್ಲಿ ಇಳಿದಾಗ ರಾತ್ರಿ ಹತ್ತು ಗಂಟೆ. ಎರಡು ದೊಡ್ಡ ಸೂಟ್‌ಕೇಸು. ವಿಮಾನ ನಿಲ್ದಾಣದಲ್ಲಿ ಜನ ಹೋಗುತ್ತಿದ್ದ ಬಾಗಿಲಿನಿಂದ ನಾನೂ ಹೊರಗೆ ಬಂದೆ. ಬೋರ್ಡೆಲ್ಲ ಫ್ರೆಂಚ್. ನನಗೆ ಬೇಕಾದ ಬಸ್ಸು ಎಲ್ಲೂ ಇಲ್ಲ. ಒಬ್ಬ ಅಜ್ಜಿಗೆ ವಿಳಾಸದ ಚೀಟಿ ತೋರಿಸಿದೆ. ಅವರು ನನ್ನ ತೋಳು ಹಿಡಿದು ಮತ್ತೆ ಒಳಗೆ ಕರೆದುಕೊಂಡು ಹೋಗಿ ಇನ್ನೊಂದು ಬಾಗಿಲು ತೋರಿಸಿದರು. ಆಗ ಗೊತ್ತಾಯಿತು, ಬಾಸೆಲ್‌ನ ವಿಮಾನ ನಿಲ್ದಾಣ ಇರುವುದೇ ಫ್ರಾನ್ಸ್ ನೆಲದಲ್ಲಿ. ಒಂದು ಬಾಗಿಲು ಫ್ರಾನ್ಸಿಗೆ, ಇನ್ನೊಂದು ಸ್ವಿಟ್ಜರ್ಲೆಂಡಿಗೆ. ಇಲ್ಲಿಯ 8ನೇ ನಂಬರ್ ಟ್ರಾಮ್ ಜರ್ಮನಿಯ ವೈಲ್ ಊರಿಗೆ ಹೋಗುತ್ತದೆ, 3ನೇ ನಂಬರ್ ಫ್ರಾನ್ಸಿನ ಸ್ಯಾಂ ಲೂಯಿಗೆ. ಊರಿನ ಹೊರಬಡಾವಣೆಗಳೇ ಬೇರೆ ದೇಶದಲ್ಲಿ ಇವೆ. ಪಟ್ಟಿಯಲ್ಲಿ ಅವು ಲೆಕ್ಕಕ್ಕೆ ಬರುವುದಿಲ್ಲ. ಅಷ್ಟಾದರೂ ಬಾಸೆಲ್ ಮೂರನೆಯದು ನೋಡಿ.

ಮಂಗಳೂರಿನವರಿಗಂತೂ ಈ ಹೆಸರು ಹೊಸದಲ್ಲ. ನಮ್ಮ ಅಜ್ಜಿ ಮನೆಯ ಮಾಡಿನ ಹೆಂಚುಗಳ ಮೇಲೆ ಬಾಸೆಲ್ ಮಿಶನ್ ಅಂತ ಅಚ್ಚು ಇತ್ತು. ಮಳೆಗಾಲಕ್ಕೆ ಮುಂಚೆ ಮಾವ ಹೆಂಚು ಇಳಿಸಿ ಪಾಚಿ ಉಜ್ಜುವಾಗ ನಾನು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದೆ. ಅದು ಒಂದು ಊರಿನ ಹೆಸರು ಅಂತಲೇ ಗೊತ್ತಿರಲಿಲ್ಲ. ಮಿಶನ್ ಅಂದರೆ ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆ, ಇಲ್ಲಿ ಶುರುವಾದದ್ದು 1815ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ, 1865ರಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು. ಬಂದ ಮೊದಲ ತಿಂಗಳೇ ನಾನು ಮಿಶನ್‌ನ ಹಳೆಯ ಕಟ್ಟಡ ಹುಡುಕಿಕೊಂಡು ಹೋದೆ. ಗೇಟಿನ ಹತ್ತಿರ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಇನ್ನು ನೆನಪಿಟ್ಟುಕೊಳ್ಳುವ ದಾರಿ. ನಾನು ಕಂಡುಕೊಂಡದ್ದು ನೀರಿನ ದಾರಿ. ಮಗಳಿಗೆ ಖಾಲಿ ಮ್ಯಾಪ್ ಕೊಟ್ಟು ಮೊದಲು ನದಿ ಬರೆಸಿ. ಜ್ಯೂರಿಕ್‌ನ ಸರೋವರದಿಂದ ಲಿಮ್ಮಾಟ್ ಹೊರಡುತ್ತದೆ. ಲುಟ್ಸರ್ನ್‌ನ ಸರೋವರದಿಂದ ರಾಯ್ಸ್. ಬರ್ನ್‌ನ ಕಡೆಯಿಂದ ಆರೆ. ಮೂರೂ ಬ್ರುಗ್ ಅನ್ನುವ ಊರಿನ ಹತ್ತಿರ ಸೇರುತ್ತವೆ. ಅಲ್ಲಿಂದ ಆರೆ ಅನ್ನುವ ಒಂದೇ ಹೆಸರಿನಲ್ಲಿ ಹೋಗಿ ರೈನ್ ನದಿಗೆ ಬೀಳುತ್ತದೆ. ವಿಂಟರ್‌ಟೂರ್‌ಗೆ ಸರೋವರವೂ ಇಲ್ಲ, ದೊಡ್ಡ ನದಿಯೂ ಇಲ್ಲ. ಆದರೆ ಅಲ್ಲಿಯ ಸಣ್ಣ ತ್ಯೋಸ್ ಹೊಳೆ ಕೂಡ ರೈನ್‌ಗೇ. ಸಾಂಕ್ಟ್ ಗಾಲೆನ್, ಬೀಲ್ ನೀರೂ ಅಲ್ಲಿಗೇ. ಎಲ್ಲಾ ಸೇರಿ ಹರಿದು ಬರುವುದು ನಮ್ಮ ಬಾಸೆಲ್ ಸೇತುವೆಯ ಕೆಳಗೆ. ಹತ್ತರಲ್ಲಿ ಏಳು ಊರು ಹೀಗೆ ಒಂದೇ ನೀರಿನವು. ಏಳೂ ಕಡೆ ಜರ್ಮನ್ ಮಾತಾಡುತ್ತಾರೆ, ಬೀಲ್‌ನಲ್ಲಿ ಮಾತ್ರ ಫ್ರೆಂಚ್ ಕೂಡ. ಜಿನೀವಾ, ಲೊಸಾನ್ ಒಂದೇ ಸರೋವರದ ದಂಡೆಯವು, ಆ ನೀರು ರೋನ್ ನದಿಯಾಗಿ ಫ್ರಾನ್ಸಿಗೆ ಹೋಗುತ್ತದೆ. ಅಲ್ಲಿ ಫ್ರೆಂಚ್. ಲುಗಾನೊದ ನೀರು ದಕ್ಷಿಣಕ್ಕೆ ಇಳಿದು ಇಟಲಿಯ ಪೋ ನದಿ ಸೇರುತ್ತದೆ. ಅಲ್ಲಿ ಇಟಾಲಿಯನ್. ಏಳು, ಎರಡು, ಒಂದು. ನೀರು ಎತ್ತ ಹೋಗುತ್ತದೋ ಈ ಹತ್ತು ಊರುಗಳ ಮಾತೂ ಅತ್ತಲೇ.

ಬೇಸಿಗೆಯ ಸಂಜೆ ಕೆಲಸ ಮುಗಿಸಿ ನಾನು ಎಷ್ಟೋ ಸಲ ದೋಣಿಯಲ್ಲಿ ರೈನ್ ದಾಟುತ್ತೇನೆ. ಮರದ ದೋಣಿ, ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಉಕ್ಕಿನ ಹಗ್ಗ ಕಟ್ಟಿದ್ದಾರೆ, ಅದಕ್ಕೆ ದೋಣಿಯ ಹಗ್ಗ. ದೋಣಿಯವನು ಚುಕ್ಕಾಣಿಯನ್ನು ಒಂದಿಷ್ಟು ತಿರುಗಿಸುತ್ತಾನೆ ಅಷ್ಟೇ. ಹರಿಯುವ ನೀರೇ ದೋಣಿಯನ್ನು ಓರೆಯಾಗಿ ತಳ್ಳಿ ಆಚೆ ದಡ ಮುಟ್ಟಿಸುತ್ತದೆ. ನೀರಿಗೆ ಕೈ ಇಳಿಬಿಟ್ಟರೆ ಬೇಸಿಗೆಯಲ್ಲೂ ತಣ್ಣಗೆ. ಇದು ಬರ್ನ್ ನೀರು, ಇದು ಜ್ಯೂರಿಕ್ ನೀರು ಅಂತ ಅನ್ನಿಸುತ್ತದೆ ನನಗೆ.

ಲೊಸಾನ್ ವಿದ್ಯಾರ್ಥಿ, ಊರು ಶಿರಸಿ ಬರೆದದ್ದು:

ಅಕ್ಕ ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ನಾಲ್ಕು ಮತ್ತು ಐದರ ನಡುವೆ ಅಂತರ ತುಂಬಾ ಸಣ್ಣದು. 2000ನೇ ಇಸವಿಯ ಗಣತಿಯಲ್ಲಿ ಬರ್ನ್ ನಾಲ್ಕನೆಯದು, ಲೊಸಾನ್ ಐದನೆಯದು. ಆಮೇಲೆ ಲೊಸಾನ್ ಮುಂದೆ ಹೋಯಿತು. ನಿಮಗೆ ಸಿಕ್ಕ ಒಂದು ಪಟ್ಟಿ ಬಹುಶಃ ಹಳೆಯದು.

ಲೊಸಾನ್ ನೆನಪಿಡಲು ಮೆಟ್ರೋ ಸಾಕು. ಮೆಟ್ರೋ ಇರುವುದು ಇಡೀ ದೇಶದಲ್ಲಿ ಈ ಊರಲ್ಲಿ ಮಾತ್ರ. 2008ರಲ್ಲಿ ಶುರುವಾದ ಲೈನು ಸರೋವರದ ದಂಡೆಯಿಂದ ಹೊರಟು 300 ಮೀಟರಿಗಿಂತ ಜಾಸ್ತಿ ಮೇಲೆ ಹತ್ತುತ್ತದೆ. ಸ್ಟೇಷನ್ ಪ್ಲಾಟ್‌ಫಾರ್ಮೇ ಇಳಿಜಾರು. ನಿಂತರೆ ದೇವಿಮನೆ ಘಟ್ಟದಲ್ಲಿ ಬಸ್ಸಿನೊಳಗೆ ನಿಂತ ಹಾಗೆ ಕಾಲು ಬಿಗಿ ಹಿಡಿಯಬೇಕು. ಒಲಿಂಪಿಕ್ ಸಮಿತಿ 1915ರಿಂದ ಇಲ್ಲೇ ಇದೆ, ಕ್ವಿಜ್‌ಗೆ ಇದೂ ಬೇಕಾಗುತ್ತೆ.

ಮೈಸೂರು, ನಿವೃತ್ತ ರೈಲ್ವೆ ಫಿಟ್ಟರ್ ಬರೆದದ್ದು:

ವಿಂಟರ್‌ಟೂರ್ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಜ್ಯೂರಿಕ್‌ಗಿಂತ ಮೊದಲು ಗೊತ್ತಿದ್ದ ಊರು ಅದು. ಊಟಿ ರೈಲಿನ ಉಗಿ ಎಂಜಿನ್ ನೋಡಿದ್ದೀರಲ್ಲ, ಕಲ್ಲಾರಿನಿಂದ ಕೂನೂರಿಗೆ ಗಾಡಿಯನ್ನು ಹಿಂದಿನಿಂದ ತಳ್ಳಿಕೊಂಡು ಹೋಗುವುದು, ಎಕ್ಸ್ ಕ್ಲಾಸ್ ಅಂತೀವಿ. ಅದು ತಯಾರಾದದ್ದು ವಿಂಟರ್‌ಟೂರ್‌ನ ಕಾರ್ಖಾನೆಯಲ್ಲಿ. 1914ರಿಂದ ಬಂದವು, 1952ರಲ್ಲೂ ಬಂದವು. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುತ್ತೆ, ಎಂಜಿನ್ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತೆ. ನಾನು ಚಿಕ್ಕವನಿದ್ದಾಗ ನಮ್ಮ ತಂದೆ ಕೂನೂರಿನಲ್ಲಿ ಆ ಎಂಜಿನ್ನಿನ ಪಕ್ಕದ ತಗಡಿನ ಮೇಲಿದ್ದ ಊರಿನ ಹೆಸರನ್ನು ಒಂದೊಂದೇ ಅಕ್ಷರ ಓದಿಸಿದ್ದರು. ತಗಡು ಬಿಸಿ ಇತ್ತು, ಕೈ ಸುಟ್ಟುಕೊಂಡೆ. ಅದಕ್ಕೇ ಮರೆತಿಲ್ಲ.

ಇನ್ನೊಂದು. ಮದ್ರಾಸಿನ ಪೆರಂಬೂರು ಬೋಗಿ ಕಾರ್ಖಾನೆ 1955ರಲ್ಲಿ ಶುರುವಾಯಿತು. ಅದಕ್ಕೆ ಕೆಲಸ ಕಲಿಸಿದ ಕಂಪನಿ ಜ್ಯೂರಿಕ್ ಪಕ್ಕದ ಶ್ಲೀರನ್ ಊರಿನದು. ನಮ್ಮ ದೇಶದ ನೀಲಿ ಬೋಗಿಯಲ್ಲಿ ಓಡಾಡಿದವರೆಲ್ಲ ಆ ಸಣ್ಣ ಊರಿನ ಕೆಲಸ ನೋಡಿದ್ದಾರೆ ಅಂತಲೇ ಲೆಕ್ಕ.

ದಾವಣಗೆರೆ ಅಮ್ಮ ಬರೆದದ್ದು:

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ! ನಿನ್ನೆ ಸಂಜೆ ಡ್ರಾಯಿಂಗ್ ಶೀಟ್ ತಂದು ನೆಲದ ಮೇಲೆ ಹರಡಿಕೊಂಡು ಕೂತೆವು. ರೈನ್ ಕಡೆಯದಕ್ಕೆ ನೀಲಿ, ರೋನ್‌ಗೆ ಹಸಿರು, ಪೋಗೆ ಕೆಂಪು. ಇವತ್ತು ಬೆಳಿಗ್ಗೆ ಜಡೆ ಹಾಕುವಾಗ ಕೇಳಿದೆ, ಹತ್ತೂ ಹೇಳಿದಳು, ತಪ್ಪಿಲ್ಲದೆ. ವಿಂಟರ್‌ಟೂರ್ ಬಂದಾಗ ಊಟಿ ರೈಲು ಅಂದಳು.

ಅವಳದ್ದೊಂದು ಪ್ರಶ್ನೆ ಉಳಿದಿದೆ. ಬೀಲ್ ಊರಿಗೆ ಮ್ಯಾಪಿನಲ್ಲಿ ಎರಡು ಹೆಸರು ಬರೆದಿದ್ದಾರೆ. ಎರಡು ಊರಾ? ಮತ್ತೆ ಬರ್ನ್‌ನಿಂದ ಬರುವ ಆರೆ ಅಲ್ಲಿಯ ಸರೋವರದೊಳಗೆ ಹೋಗಿ ಹೊರಗೆ ಬರುವುದು ಯಾಕೆ ಅಂತ ಕೇಳುತ್ತಾಳೆ.

ಬಾಸೆಲ್‌ನಲ್ಲಿರುವ ಮಂಗಳೂರಿನವಳು ಬರೆದದ್ದು:

ಜಾಣೆ! ಎಷ್ಟು ಚೆನ್ನಾಗಿ ಗಮನಿಸಿದ್ದಾಳೆ. ಒಂದೇ ಊರು. ಜರ್ಮನ್‌ನಲ್ಲಿ ಬೀಲ್, ಫ್ರೆಂಚ್‌ನಲ್ಲಿ ಬಿಯೆನ್. ಎರಡೂ ಸೇರಿದ್ದೇ ಅಧಿಕೃತ ಹೆಸರು. ಬೀದಿ ಬೋರ್ಡುಗಳೂ ಎರಡು ಭಾಷೆಯಲ್ಲಿ ಇರುತ್ತವೆ. ಕೈಗಡಿಯಾರದ ಊರು ಅದು, ಒಮೆಗಾ ಕಂಪನಿ ಅಲ್ಲಿಯದೇ. ಅಂಗಡಿಯಲ್ಲಿ ನೀವು ಯಾವ ಭಾಷೆಯಲ್ಲಿ ಶುರು ಮಾಡುತ್ತೀರೋ ಅದರಲ್ಲೇ ಉತ್ತರ ಕೊಡುತ್ತಾರೆ. ನಮ್ಮ ಮಂಗಳೂರಿನ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು ತುಳು, ಕೊಂಕಣಿ, ಬ್ಯಾರಿ, ಕನ್ನಡ ಬದಲಾಯಿಸುವ ಹಾಗೆ.

ಆರೆಯ ವಿಷಯ ಅವಳು ಹಿಡಿದದ್ದು ಸರಿ. ಅದು ಮೊದಲು ಆ ಸರೋವರಕ್ಕೆ ಹೋಗುತ್ತಲೇ ಇರಲಿಲ್ಲ. ಪಕ್ಕದಲ್ಲೇ ಹರಿದು, ಪ್ರವಾಹ ಬಂದಾಗ ಹೊಲ, ಹಳ್ಳಿ ಎಲ್ಲಾ ಮುಳುಗಿಸುತ್ತಿತ್ತು. 1878ರಲ್ಲಿ ಹಾಗ್ನೆಕ್ ಅನ್ನುವಲ್ಲಿ ಕಾಲುವೆ ತೋಡಿ ನದಿಯನ್ನೇ ಸರೋವರಕ್ಕೆ ತಿರುಗಿಸಿದರು. ಪ್ರವಾಹದ ನೀರು ಈಗ ಮೊದಲು ಸರೋವರದಲ್ಲಿ ಹರಡಿಕೊಂಡು ನಿಲ್ಲುತ್ತದೆ, ಆಮೇಲೆ ನಿಧಾನಕ್ಕೆ ಈಚೆ ಬರುತ್ತದೆ. ಹಳೆಯ ಆರೆಯ ಸಣ್ಣ ಹರಿವು ಈಗಲೂ ಪಕ್ಕದಲ್ಲಿ ಇದೆ. ಶೀಟಿನಲ್ಲಿ ಅದನ್ನೂ ಒಂದು ತೆಳು ನೀಲಿ ಗೆರೆಯಲ್ಲಿ ಬರೆಯಲು ಹೇಳಿ. ಮುಗಿದ ಮೇಲೆ ಫೋಟೋ ಹಾಕಿ, ನಾನು ಕಾಯುತ್ತೇನೆ.