ಸಹಾಯ ಬೇಕು: ಟಿನ್ ಕೊಟ್ಟ ಮಗುವಿಗೆ ಮೆಕೆಲ್ ಸ್ಕ್ಯಾನ್ ಯಾವಾಗ?

ನ್ಯೂಕ್ಲಿಯರ್ ಮೆಡಿಸಿನ್ ಮತ್ತು ಮಕ್ಕಳ ಸರ್ಜರಿಯವರು ದಯವಿಟ್ಟು ನೋಡಿ. 3 ವರ್ಷದ ಮಗು, ನೋವಿಲ್ಲದೆ ಮಲದಲ್ಲಿ ರಕ್ತ ಹೋಗಿ ಹಿಮೋಗ್ಲೋಬಿನ್ 6.9ಕ್ಕೆ ಇಳಿದಿತ್ತು. ರಕ್ತ ಕೊಟ್ಟಾಗಿದೆ, ಈಗ ಸ್ಥಿರ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ನಾರ್ಮಲ್. ಇಲಿಯಮ್‌ನ (ಸಣ್ಣ ಕರುಳಿನ ಕೊನೆಯ ಭಾಗ) ಮೆಕೆಲ್ ಚೀಲದಲ್ಲಿ (ಹುಟ್ಟಿನಿಂದಲೇ ಇರುವ ಸಣ್ಣ ಚೀಲ) ಜಠರದ ಒಳಪದರ ಬೆಳೆದು, ಅದರ ಆಮ್ಲ ಪಕ್ಕದ ಕರುಳಿಗೆ ಹುಣ್ಣು ಮಾಡಿದೆ ಅನ್ನೋದೇ ಬಲವಾದ ಅನುಮಾನ. ಇದನ್ನು ಹುಡುಕುವುದೇ ಮೆಕೆಲ್ ಸ್ಕ್ಯಾನ್: ಜಠರದ ಒಳಪದರ ಹೀರಿಕೊಳ್ಳುವ ಪರ್‌ಟೆಕ್ನೆಟೇಟ್ ಎಂಬ ವಿಕಿರಣ ವಸ್ತು ಕೊಟ್ಟು ಚಿತ್ರ ತೆಗೆಯುವುದು.

ತೊಡಕು ಏನೆಂದರೆ, ಬೇರೆ ಕಡೆ ಈ ವಾರವೇ ಟ್ಯಾಗ್ಡ್ ಆರ್‌ಬಿಸಿ ಸ್ಕ್ಯಾನ್ (ಕೆಂಪುಕಣಗಳಿಗೆ ವಿಕಿರಣ ವಸ್ತು ಅಂಟಿಸಿ ರಕ್ತ ಸೋರುವ ಜಾಗ ಹುಡುಕುವುದು) ಮಾಡಿಬಿಟ್ಟಿದ್ದಾರೆ, ಅದೂ ಹಾಗೆ ಅಂಟಿಸಲು ಬೇಕಾದ ಟಿನ್ ಅನ್ನು ನೇರ ರಕ್ತನಾಳಕ್ಕೆ ಕೊಟ್ಟು. (ಮೆಕೆಲ್ ಸ್ಕ್ಯಾನ್ ಮೊದಲು ಆಗಬೇಕಿತ್ತು.) ಕೆಂಪುಕಣಗಳಲ್ಲಿ ಟಿನ್ ಉಳಿದಿರುವಾಗ ಪರ್‌ಟೆಕ್ನೆಟೇಟ್ ಕೊಟ್ಟರೆ ಅದು ಕಣಗಳಿಗೇ ಅಂಟುತ್ತದೆ. ಜಠರವೇ ಸರಿಯಾಗಿ ಕಾಣುವುದಿಲ್ಲ, ಇನ್ನು ಚೀಲದ ಮಾತೆಲ್ಲಿ.

ನಮ್ಮ ಪ್ಲಾನ್: 4 ಗಂಟೆ ಉಪವಾಸ, ರ್‍ಯಾನಿಟಿಡಿನ್ (ಆಮ್ಲ ತಗ್ಗಿಸುವ ಔಷಧಿ) ಕೆಜಿಗೆ 1 ಮಿ.ಗ್ರಾಂ 20 ನಿಮಿಷದ ಡ್ರಿಪ್, ಒಂದು ಗಂಟೆ ಬಿಟ್ಟು ಪರ್‌ಟೆಕ್ನೆಟೇಟ್ ಕೆಜಿಗೆ 1.85 ಮೆಗಾಬೆಕೆರೆಲ್. 30 ನಿಮಿಷ ಸತತ ಚಿತ್ರ, ಮೂತ್ರ ಮಾಡಿಸಿ ಮತ್ತೊಮ್ಮೆ, ಜೊತೆಗೆ ಲ್ಯಾಟರಲ್ (ಪಕ್ಕದಿಂದ ತೆಗೆದ ಚಿತ್ರ). ಚೀಲ ಮೂತ್ರಕೋಶದ ಹಿಂದೆ ಅಡಗಿರಬಹುದು. ಪರ್‌ಕ್ಲೋರೇಟ್ (ಪರ್‌ಟೆಕ್ನೆಟೇಟ್ ಹೀರಿಕೆ ತಡೆಯುವ ಔಷಧಿ), ಬೇರಿಯಂ (ಎಕ್ಸ್‌ರೇಗಾಗಿ ಕೊಡುವ ದ್ರವ) ಎರಡೂ ಕೊಡುವುದಿಲ್ಲ.

ಇಂಥ ಕೇಸಿನಲ್ಲಿ ನೀವು ಎಷ್ಟು ದಿನ ಕಾದಿದ್ದೀರಿ? ಮಧ್ಯೆ ಮತ್ತೆ ರಕ್ತ ಹೋದರೆ ಸ್ಕ್ಯಾನ್ ಬಿಟ್ಟು ನೇರ ಲ್ಯಾಪರೋಸ್ಕೋಪಿಗೇ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ನೋಡುವ ಸರ್ಜರಿ) ಹೋಗುತ್ತೀರಾ?